ಬೋರ್ಡಿನ ಬಣ್ಣ ಒಣಗುವವರೆಗೆ

ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಆಗ ನಮ್ಮೂರಿನಲ್ಲಿ ಪ್ರಮಾಣವಚನ ತೆಗೆದುಕೊಂಡ ಮಾತ್ರಕ್ಕೆ ಯಾರೂ ಮಂತ್ರಿಯಾಗುತ್ತಿರಲಿಲ್ಲ. ನಾನು ಬರೆದ ಬೋರ್ಡು ಒಣಗಬೇಕಿತ್ತು. ಕಚೇರಿಯ ಉದ್ದನೆಯ ಜಗುಲಿಗೆ ಹನ್ನೆರಡು ಬಾಗಿಲು, ಬಾಗಿಲಿಗೊಂದು ತೇಗದ ಹಲಗೆ, ಹಲಗೆಗೆ ಕಪ್ಪು ಎನಾಮಲ್, ಅದರ ಮೇಲೆ ನನ್ನ ಬಿಳಿ ಅಕ್ಷರ. ನಾನು ಬರೆದು ಮುಗಿಸಿದ ಮೇಲೆ ದಫೇದಾರ್ ಇಮಾಂಸಾಬರು ರುಮಾಲು ಸರಿಮಾಡಿಕೊಂಡು ಬಂದು ಒಂದೊಂದು ಬೋರ್ಡಿನ ಕೊನೆಯ ಅಕ್ಷರವನ್ನೂ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಹನ್ನೆರಡೂ ಅಂಟದಿದ್ದರೆ ಜಗುಲಿಯ ಗಂಟೆ ಬಾರಿಸುತ್ತಿದ್ದರು. ಆಗಲೇ ಖಾತೆಗಳು ಹೊಸಬರ ಕೈಗೆ ಹೋಗುತ್ತಿದ್ದವು. ಒಂದೇ ಒಂದು ಹಲಗೆ ಹಸಿಯಾಗಿದ್ದರೂ ಹನ್ನೆರಡೂ ಹಳಬರ ಕೈಯಲ್ಲೇ ಉಳಿಯುತ್ತಿದ್ದವು.

ಕೈ ಬದಲಾದರೆ ಊರೇ ಬದಲಾದಂತೆ. ಮಂತ್ರಿಯ ಗುಣ ಖಾತೆಗೆ ಬರುತ್ತಿತ್ತು, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಸೇನೆ ಹೋದ ಮೇಲಿನ ಮೊದಲ ಮಂತ್ರಿಮಂಡಲದಲ್ಲಿ ದೀಪದ ಖಾತೆ ಹಾಲು ಮಾರುವ ರುದ್ರಮುನಿಗೆ ಸಿಕ್ಕಿತು. ಆತ ಸಂಜೆ ಏಳೂವರೆಗೆ ಮಲಗಿ ಬೆಳಗಿನ ಜಾವ ಮೂರಕ್ಕೆ ಏಳುವ ಆಸಾಮಿ. ಬೀದಿದೀಪಗಳೂ ಏಳೂವರೆಗೆ ಒಂದೆರಡು ಸಲ ಆಕಳಿಸಿದಂತೆ ಮಿನುಗಿ ಆರಿಹೋಗುತ್ತಿದ್ದವು, ಮೂರಕ್ಕೆ ಜಗ್ಗನೆ ಹತ್ತುತ್ತಿದ್ದವು. ನಾವೇನು ಧರಣಿ ಕೂರಲಿಲ್ಲ. ಬೇಗ ಉಂಡು ಬೇಗ ಮಲಗಿದೆವು. ಹೆಂಗಸರು ಮೂರಕ್ಕೇ ಎದ್ದು ಬೀದಿದೀಪದ ಕೆಳಗೆ ರಂಗೋಲಿ ಹಾಕುತ್ತಾ ಹರಟೆ ಹೊಡೆದರು. ಆ ಹರಟೆಯ ಸದ್ದು ಕೇಳುತ್ತಾ ಇನ್ನೊಂದು ನಿದ್ದೆ ತೆಗೆಯುವ ಸುಖ ಈಗ ಯಾವ ಸರ್ಕಾರ ಕೊಡುತ್ತದೆ ಹೇಳಿ?

ಅದಕ್ಕೂ ಮುಂಚೆ ಸೇನೆ ಆಳಿದ ಏಳು ವರ್ಷ ಹನ್ನೆರಡು ಬಾಗಿಲಿಗೂ ಒಂದೇ ಹೆಸರಿತ್ತು, ಜನರಲ್ ಸಾಹೇಬರದ್ದು. ಹನ್ನೆರಡೂ ಬೋರ್ಡು ನಾನೇ ಬರೆದೆ. ಬರೆಯುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಆ ಏಳು ವರ್ಷ ನಲ್ಲಿ ಐದಕ್ಕೆ ಬಂದು ಐದು ಗಂಟೆ ಏಳು ನಿಮಿಷಕ್ಕೆ ನಿಲ್ಲುತ್ತಿತ್ತು. ಬಸ್ಸು ಖಾಲಿಯಿದ್ದರೂ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು, ಓಡಿ ಬರುವವನನ್ನು ಕಂಡರೂ ನಿಲ್ಲುತ್ತಿರಲಿಲ್ಲ. ಟಪಾಲಿನ ಕಥೆಯೇ ಬೇರೆ. ಜನರಲ್ ಸಾಹೇಬರು ಕೇಳಿಸಿಕೊಳ್ಳುವವರೇ ಹೊರತು ಉತ್ತರ ಕೊಡುವವರಲ್ಲ. ಹಾಗಾಗಿ ಡಬ್ಬಕ್ಕೆ ಹಾಕಿದ ಕಾಗದ ಡಬ್ಬದೊಳಗೇ ಉಳಿಯುತ್ತಿತ್ತು. ಏಳು ವರ್ಷ ಜನ ಹಾಕಿದರು, ಒಂದು ಕಾಗದವೂ ಯಾರ ಮನೆಗೂ ಬರಲಿಲ್ಲ, ಡಬ್ಬವೂ ತುಂಬಲಿಲ್ಲ.

ಒಂದು ಬೆಳಿಗ್ಗೆ ಸೇನೆಯವರು ಲಾರಿ ಹತ್ತಿ ಹೊರಟುಹೋದರು. ಊರಿನಲ್ಲಿ ಸಭೆ ನಡೆಸಿ ಗೊತ್ತಿದ್ದವರೆಂದರೆ ಎಣ್ಣೆಗಾಣದ ಸಂಘದ ಕಾರ್ಯದರ್ಶಿ ಚನ್ನವೀರಪ್ಪನವರೊಬ್ಬರೇ, ಅದಕ್ಕೇ ಅವರನ್ನು ಮುಖ್ಯಮಂತ್ರಿ ಮಾಡಿದೆವು. ಅವರು ಬಗಲಿಗೊಂದು ಬಟ್ಟೆಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಖಾತೆ ಹಂಚಿದರು. "ಈ ವರ್ಷ ಬ್ಯಾಡ ಚನ್ನವೀರಪ್ಪಣ್ಣ, ಮನೇಲಿ ಮಗಳ ಮದುವೆ ಐತೆ" ಎಂದು ಜಾರಿಕೊಂಡವರೇ ಹೆಚ್ಚು. ಅಂತೂ ಇಂತೂ ಹನ್ನೆರಡು ಮಂದಿ ಒಪ್ಪಿದರು. ಟಪಾಲು ಖಾತೆ ಸೂಲಗಿತ್ತಿ ಹೊನ್ನಮ್ಮನಿಗೆ ಹೋಯಿತು. ನೀರಿನ ಖಾತೆ ಲೆಕ್ಕದ ಪಟ್ಟಾಭಿ ಮೇಷ್ಟ್ರಿಗೆ ಹೋಯಿತು.

ಹೊನ್ನಮ್ಮನದು ಆನೆ ನೆನಪು. ಊರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು. ಯಾವ ಮಗು ಯಾವ ವಾರ, ಮಳೆಯಲ್ಲೋ ಬಿಸಿಲಲ್ಲೋ, ತಲೆ ಮೊದಲೋ ಕಾಲು ಮೊದಲೋ, ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಅವಳ ಬೋರ್ಡು ಒಣಗಿದ ಮಾರನೆಯ ದಿನ ಅಂಚೆಯ ತಿಮ್ಮಯ್ಯ ಎರಡು ಗೋಣಿಚೀಲ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದ. ಏಳು ವರ್ಷದ ಹಿಂದೆ, ಸೇನೆ ಬಂದ ಮೊದಲನೇ ವಾರದಲ್ಲಿ ಹಾಕಿದ್ದ ಕಾಗದಗಳು! ಮಾರನೆಯ ದಿನ ಎರಡನೇ ವಾರದವು ಬಂದವು. ಹೀಗೆ ದಿನಕ್ಕೊಂದು ವಾರದಂತೆ ಹಳೆಯ ಟಪಾಲೆಲ್ಲ ಸಾಲಾಗಿ ಬರತೊಡಗಿತು.

ಆ ವರ್ಷದ ಸೊಗಸನ್ನು ಏನೆಂದು ಹೇಳಲಿ. ಏಳು ವರ್ಷದ ಹಿಂದಿನ ಲಗ್ನಪತ್ರಿಕೆ ಬಂದರೆ ಜನ ಅಂದೇ ಜರಿಪಂಚೆ ಉಟ್ಟು ಹೊರಟುಬಿಡುತ್ತಿದ್ದರು. ಆ ಮನೆಯವರೂ ಬಂದವರನ್ನು ಹೊರಗೆ ನಿಲ್ಲಿಸುತ್ತಾರೆಯೇ? ಅವಸರ ಅವಸರವಾಗಿ ಮಾವಿನ ತೋರಣ ಕಟ್ಟಿ, ಪಾಯಸಕ್ಕೆ ಇಟ್ಟು, ಗಂಡಹೆಂಡತಿಯನ್ನು ಮತ್ತೆ ಮಣೆಯ ಮೇಲೆ ಕೂರಿಸುತ್ತಿದ್ದರು. ಮೂರು ಮಕ್ಕಳು ತಾಯಿಯ ತೊಡೆಯೇರಿ ಅಕ್ಷತೆ ಹಾಕಿಸಿಕೊಳ್ಳುತ್ತಿದ್ದವು. ನಮ್ಮ ಬೀದಿಯ ಒಬ್ಬನಿಗೆ ಕೆಲಸದ ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಕೂದಲಿಗೆ ಕಪ್ಪು ಹಚ್ಚಿಕೊಂಡು ಹೋದ. ಆ ಕೆಲಸವೇ ಈಗಿಲ್ಲವೆಂದು ಹೇಳಿ ಅಧಿಕಾರಿ ಚಹಾ ಕುಡಿಸಿ ಕಳಿಸಿದರಂತೆ. ತೀರಿಕೊಂಡ ಅಜ್ಜಿಯರ ಕಾಗದಗಳೂ ಬಂದವು. ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕು ಎಂದು ಅದರಲ್ಲಿ ಬರೆದಿದ್ದರೆ, ಮೀಸೆ ಬಂದ ಮಕ್ಕಳನ್ನೂ ಹಿಡಿದು ಕೂರಿಸಿ ಎಣ್ಣೆ ಹಚ್ಚುತ್ತಿದ್ದರು.

ನಮ್ಮ ಮನೆಯಲ್ಲೂ ಒಬ್ಬಳು ಕಾಯುತ್ತಿದ್ದಳು, ನನ್ನ ಅಕ್ಕ ಮಂಗಳಕ್ಕ. ಭಾವನ ಹೆಸರು ಕರಿಬಸಪ್ಪ, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಮನೆಯಿಂದ ನಾಲ್ಕು ಹೆಜ್ಜೆ ದಾಟಿದರೆ ಹುಣಸೆಮರ, ಅದರ ಆಚೆಗೆ ಅವರ ಗೂಡಂಗಡಿಯಷ್ಟು ದೊಡ್ಡ ಅಂಗಡಿ, ಪಕ್ಕದಲ್ಲೇ ಕ್ಷೌರದಂಗಡಿ. ಸೇನೆಯವರು ಭಾವನನ್ನು ಒಯ್ದ ಬೆಳಿಗ್ಗೆ ನಾನೂ ಭಾವನೂ ಅಡುಗೆಮನೆಯಲ್ಲೇ ರೊಟ್ಟಿ ತಿನ್ನುತ್ತಾ ಕೂತಿದ್ದೆವು. ಅಕ್ಕ ಒಗ್ಗರಣೆಗೆಂದು ಸಾಂಬಾರದ ಡಬ್ಬಿ ತೆಗೆದರೆ ಏಳು ಬಟ್ಟಲಲ್ಲಿ ಆರೇ ಇವೆ, ಸಾಸಿವೆಯ ಬಟ್ಟಲಿಲ್ಲ.

"ಬಟ್ಟಲು ಎಲ್ರಿ?"

"ಸ್ಕ್ರೂ ಹಾಕಿಡಾಕೆ ಅಂಗಡಿಗೆ ತಗಂಡು ಹೋಗೀನಿ. ಅಳತೆ ಸರಿಯಾಗೈತೆ."

"ಸಾಸಿವೆ?"

"ಕಾಗದದಾಗೆ ಕಟ್ಟಿಟ್ಟೀನಿ, ಅಲ್ಲೇ ನೋಡು."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ತವರಿನಿಂದ ತಂದ ಡಬ್ಬಿ ಅದು. "ಹೋಗ್ರಿ, ಎಲ್ಲಾದ್ರೂ ಹೋಗ್ರಿ. ಆ ಪೆಟ್ಟಿಗೆ ಜೊತೆಗೇ ಸಂಸಾರ ಮಾಡ್ರಿ" ಎಂದಳು. ಭಾವ ತಟ್ಟೆ ಬಿಟ್ಟು ಎದ್ದುಹೋದರು. ಅರ್ಧ ಗಂಟೆಗೆ ಬೀದಿಯಲ್ಲಿ ಬೂಟಿನ ಸದ್ದಾಯಿತು. ಐದು ಜನಕ್ಕಿಂತ ಹೆಚ್ಚು ಮಂದಿ ಸೇರಿ ಹಾಡಕೂಡದೆಂದು ಆಗ ಅಪ್ಪಣೆಯಿತ್ತು. ಹಿಂದಿನ ದಿನ ಭಾವ ರಿಪೇರಿ ಮಾಡಿದ ಪೆಟ್ಟಿಗೆಯ ಸ್ವರ ನೋಡಲು ಭಜನೆಯವರು ಕೂತಾಗ ದಾರಿಯಲ್ಲಿ ಹೋಗುವವನೊಬ್ಬ ಆರನೆಯ ದನಿ ಸೇರಿಸಿದ್ದನಂತೆ. ಭಾವನನ್ನು ಕ್ಷೌರದ ಕುರ್ಚಿಯಿಂದ ಎಬ್ಬಿಸಿ, ಅರ್ಧ ತಲೆ ಕತ್ತರಿಸಿದ ಹಾಗೆಯೇ ಲಾರಿ ಹತ್ತಿಸಿದರು. ಅಂಗಡಿಗೆ ಬೀಗ ಜಡಿದು ಬೀಗದ ಕೈ ತಂದು ಅಕ್ಕನ ಮುಂದೆ ಎಸೆದು ಹೋದರು. ಅಕ್ಕ ಆಮೇಲೆ ಆ ಬೀಗವನ್ನು ಮುಟ್ಟಲಿಲ್ಲ.

ಸೇನೆ ಹೋದ ಮೇಲೆ, ಹಿಡಿದವರನ್ನು ಇಟ್ಟಿದ್ದ ಕಲ್ಲುಗಣಿಯ ಕ್ಯಾಂಪಿನಿಂದ ಬದುಕಿದ್ದವರು ಬಂದರು, ಸತ್ತವರ ಹೆಸರಿನ ಪಟ್ಟಿ ಬಂತು. ಆ ಪಟ್ಟಿಯನ್ನು ಊರ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆದವನೂ ನಾನೇ. ಭಾವನ ಹೆಸರನ್ನೂ ಉಳಿದ ಹೆಸರುಗಳಷ್ಟೇ ಅಚ್ಚುಕಟ್ಟಾಗಿ ಬರೆದೆ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಬೇಸರ. ಭಾವ ಬರುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅವಳು ಕಾಯುತ್ತಿದ್ದದ್ದು ಬೇರೆಯದಕ್ಕೆ.

"ತಿಪ್ಪೇಶಿ, ಅವರು ನನ್ ಮ್ಯಾಲೆ ಸಿಟ್ಟು ಇಟ್ಕಂಡೇ ಹೋದ್ರೇನೋ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. "ಕ್ಯಾಂಪಿನಾಗೆ ಕಾಗದ ಬರೆಯಾಕೆ ಬಿಡ್ತಿದ್ರಂತೆ. ಒಂದು ಸಾಲು ಬರೆದಿದ್ರೂ ಸಾಕು."

ಸಾಂಬಾರದ ಡಬ್ಬಿಯಲ್ಲಿ ಏಳನೇ ಬಟ್ಟಲಿನ ಜಾಗ ಖಾಲಿಯೇ ಇತ್ತು. ಸಾಸಿವೆ ಕಾಗದದ ಪೊಟ್ಟಣದಲ್ಲೇ ಇರುತ್ತಿತ್ತು. ಭಾವನನ್ನು ಒಯ್ದದ್ದು ಸೇನೆಯ ಆರನೇ ವರ್ಷದಲ್ಲಿ. ಹೊನ್ನಮ್ಮನ ಟಪಾಲು ಆ ವರ್ಷಕ್ಕೆ ಬಂದು ತಲುಪಿದಾಗಿನಿಂದ ಅಕ್ಕ ದಿನಾ ಮಧ್ಯಾಹ್ನ ಹೊಸ್ತಿಲ ಮೇಲೆ ಕೂರತೊಡಗಿದಳು. ತಿಮ್ಮಯ್ಯ ದೂರದಿಂದಲೇ ಕೈ ಆಡಿಸಿ ಇಲ್ಲವೆನ್ನುತ್ತಿದ್ದ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಪಟ್ಟಾಭಿ ಮೇಷ್ಟ್ರು ಊರಿಗೆಲ್ಲ ಲೆಕ್ಕ ಕಲಿಸಿದವರು, ನನಗೂ ಕಲಿಸಲು ನೋಡಿ ಕೈಬಿಟ್ಟವರು. ಅವರು ಮಂತ್ರಿಯಾಗುವ ಹಿಂದಿನ ತಿಂಗಳಷ್ಟೇ ಹೆಂಡತಿ ತೀರಿಕೊಂಡಿದ್ದರು. ಮೇಷ್ಟ್ರ ಕಣ್ಣಲ್ಲಿ ಒಂದು ಹನಿ ನೀರು ಬಂದದ್ದನ್ನು ಯಾರೂ ನೋಡಲಿಲ್ಲ. ಹನ್ನೊಂದನೇ ದಿನ ಎಲೆ ಎತ್ತುತ್ತಿದ್ದಾಗಲೂ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಕೇಳುತ್ತಿದ್ದರು. ಆದರೆ ಅವರ ಬೋರ್ಡು ಒಣಗಿದ ದಿನದಿಂದ ಊರಿನ ನಲ್ಲಿಗಳಲ್ಲೆಲ್ಲ ಉಪ್ಪುನೀರು.

ಮೊದಮೊದಲು ತುಸುವೇ ಉಪ್ಪಿತ್ತು. ಹೆಂಗಸರು ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟರು, ಅಲ್ಲಿಗೆ ಸರಿಹೋಯಿತು. ಬೇಳೆಗೂ ಬೇಡ, ಹಿಟ್ಟಿಗೂ ಬೇಡ, ಉಪ್ಪಿನಕಾಯಿಯೊಂದಕ್ಕೆ ಮಾತ್ರ ಬೇಕು. ಅಂಗಡಿಯಲ್ಲಿ ಉಪ್ಪಿನ ಮೂಟೆ ಕರಗಿ ನೀರಾಗಿ ಹೋಯಿತು. ತಿಂಗಳು ಕಳೆದಂತೆ ನೀರು ಇನ್ನಷ್ಟು ಉಪ್ಪಾಯಿತು. ಚಹಾ ಬಾಯಿಗಿಡಲಾಗದೆ ಊರಾಚೆ ಒಂದು ಮೈಲಿ ದೂರದ ಹಳೆಯ ಬಾವಿಗೆ ಬಿಂದಿಗೆ ಹೊತ್ತು ಹೋಗಬೇಕಾಯಿತು. ಮೇಷ್ಟ್ರ ಎದುರು ಯಾರೂ ಒಂದು ಮಾತೂ ಆಡಲಿಲ್ಲ. "ನೀರು ಹೇಗಿದೆಯಪ್ಪಾ?" ಎಂದು ಅವರು ಕೇಳಿದರೆ "ಏನೂ ತೊಂದ್ರೆ ಇಲ್ಲ ಮೇಷ್ಟ್ರೇ" ಎನ್ನುತ್ತಿದ್ದರು. ಅಂಥ ಜನ ಆಗ ಇದ್ದರು. ಆದರೆ ಬೇಸಿಗೆ ಬಂದು ಬಾವಿಯ ದಾರಿ ಸುಡತೊಡಗಿದಾಗ ಚನ್ನವೀರಪ್ಪನವರು ಖಾತೆಗಳನ್ನು ಬದಲಾಯಿಸಲೇಬೇಕೆಂದು ನಿರ್ಧಾರ ಮಾಡಿದರು. ನೀರಿನ ಖಾತೆ ಹೊನ್ನಮ್ಮನಿಗೆ, ಟಪಾಲಿನ ಖಾತೆ ಮೇಷ್ಟ್ರಿಗೆ. ಟಪಾಲಿನಲ್ಲಿ ನೀರಿಲ್ಲವಲ್ಲ, ಯಾರಿಗೂ ತೊಂದರೆಯಾಗದು ಎಂಬುದು ಅವರ ಲೆಕ್ಕಾಚಾರ. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು.

ನನ್ನ ಲೆಕ್ಕ ಮಾತ್ರ ಬೇರೆಯಿತ್ತು. ಇಮಾಂಸಾಬರು ಪಟ್ಟಿ ತಂದುಕೊಟ್ಟ ದಿನ ನಾನು ಬೆರಳು ಮಡಚಿ ಎಣಿಸಿದೆ. ಹೊನ್ನಮ್ಮನ ಕೈಯಿಂದ ಇನ್ನೂ ಹತ್ತೊಂಬತ್ತು ವಾರದ ಟಪಾಲು ಬರುವುದಿತ್ತು, ಅಂದರೆ ಹತ್ತೊಂಬತ್ತು ದಿನ. ಅಷ್ಟರೊಳಗೆ ಬೋರ್ಡು ಒಣಗಿ ಖಾತೆ ಕೈ ಬದಲಾದರೆ ಆ ಕಾಗದಗಳು ಇದ್ದಲ್ಲೇ ಉಳಿಯುತ್ತವೆ. ಅಕ್ಕನದೂ.

ಬಣ್ಣದವನಿಗೆ ಬಣ್ಣ ಬೇಗ ಒಣಗಿಸಲೂ ಗೊತ್ತಿರುತ್ತದೆ, ಒಣಗದಂತೆ ಮಾಡಲೂ ಗೊತ್ತಿರುತ್ತದೆ. ಅಡುಗೆಮನೆಯ ಗೂಡಿನಿಂದ ಅಕ್ಕನ ಹರಳೆಣ್ಣೆಯ ಸೀಸೆ ತಂದು, ಬಿಳಿ ಬಣ್ಣಕ್ಕೆ ಎರಡು ಚಮಚ ಬೆರೆಸಿದೆ. ಹರಳೆಣ್ಣೆ ಸೇರಿದ ಬಣ್ಣ ತಿಂಗಳಾದರೂ ಅಂಟು ಬಿಡುವುದಿಲ್ಲ. ಎರಡೇ ಖಾತೆ ಬದಲಾದರೂ ಹನ್ನೆರಡು ಬೋರ್ಡನ್ನೂ ಹೊಸದಾಗಿ ಬರೆಯುವುದು ಪದ್ಧತಿ. ಹನ್ನೊಂದು ಬೋರ್ಡನ್ನು ನ್ಯಾಯವಾಗಿ ಬರೆದೆ, ಹನ್ನೆರಡನೆಯದನ್ನು ಈ ಬಣ್ಣದಲ್ಲಿ ಬರೆದೆ. ಅದು ಪಟ್ಟಾಭಿ ಮೇಷ್ಟ್ರ ಹೊಸ ಬೋರ್ಡು.

ಇಮಾಂಸಾಬರು ಬೆರಳಿನ ಹಿಂಬದಿಯಿಂದ ಮುಟ್ಟಿದರು. ಅಂಟಿತು. ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿ, ನನ್ನ ಮುಖ ನೋಡಿದರು. ಆಮೇಲೆ ಬೆರಳನ್ನು ರುಮಾಲಿನ ಅಂಚಿಗೆ ಒರೆಸಿಕೊಂಡು, "ಹವಾ ಸರಿ ಇಲ್ಲ" ಎಂದು ಹೇಳಿ ಹೊರಟುಹೋದರು. ಕಡುಬೇಸಿಗೆ, ನೆಲ ಬಿರಿಯುತ್ತಿತ್ತು. ಮಾರನೆಯ ದಿನವೂ ಬಂದರು, ಮುಟ್ಟಿದರು, "ಹವಾ ಸರಿ ಇಲ್ಲ" ಎಂದರು. ಗಂಟೆ ಮೊಳಗಲಿಲ್ಲ.

ನಾಲ್ಕನೇ ದಿನಕ್ಕೆ ಜನ ಜಗುಲಿಯ ಮುಂದೆ ನಿಂತು ಗುಸುಗುಸು ಮಾತಾಡತೊಡಗಿದರು. ಏಳನೇ ದಿನ ಚನ್ನವೀರಪ್ಪನವರು ಚೀಲ ಬಗಲಿಗೇರಿಸಿಕೊಂಡು ಬಂದು, "ಏನಪ ತಿಪ್ಪೇಶ, ಬಣ್ಣಾನೋ ಬೆಣ್ಣೇನೋ ಇದು?" ಎಂದು ಗದರಿದರು. ನಾನು ತಲೆ ತಗ್ಗಿಸಿ ಕುಂಚ ತೊಳೆಯುತ್ತಾ ಕೂತೆ. ಹತ್ತನೇ ದಿನ ಪಟ್ಟಾಭಿ ಮೇಷ್ಟ್ರೇ ಬಂದರು. ಅವರಿಗೆ ಬೈಯಲು ಬರುತ್ತಿರಲಿಲ್ಲ. ನನ್ನ ಪಕ್ಕ ಜಗುಲಿಯ ಕಟ್ಟೆಯ ಮೇಲೆ ಕೂತು ಪಂಚೆಯ ಚುಂಗಿನಿಂದ ಕನ್ನಡಕ ಒರೆಸಿಕೊಂಡರು.

"ಜನ ನನಗೆ ಹೇಳೋದಿಲ್ಲ ತಿಪ್ಪೇಶ. ಆದ್ರೆ ನಾನೂ ಅದೇ ನೀರು ಕುಡೀತೀನಲ್ಲ, ನನಗೆ ಗೊತ್ತಾಗೋದಿಲ್ವೇ? ನನ್ನ ಮನೆಯ ದುಃಖವನ್ನ ಊರಿಗೆಲ್ಲ ಕುಡಿಸ್ತಾ ಕೂತಿದೀನಿ. ಬೇಗ ಬಿಡಿಸಪ್ಪ ನನ್ನ."

"ಇನ್ನೂ ಒಣಗಿಲ್ಲ ಮೇಷ್ಟ್ರೇ" ಎಂದೆ.

ಅವರು ಹಸಿ ಬೋರ್ಡಿನ ಕಡೆ ನೋಡಿದರು. "ಟಪಾಲು ಖಾತೆ ಅಂತೆ ನನಗೆ. ಮೂವತ್ತೆಂಟು ವರ್ಷ ಅವಳೂ ನಾನೂ ಒಂದು ದಿನಕ್ಕೂ ದೂರ ಇರಲಿಲ್ಲ, ಹಾಗಾಗಿ ಒಂದು ಕಾಗದ ಬರೆಯೋ ಪ್ರಸಂಗವೇ ಬರಲಿಲ್ಲ ನೋಡು. ಹೇಳಬೇಕಾದ್ದನ್ನ ಬಾಯಲ್ಲೂ ಹೇಳಲಿಲ್ಲ. ಎಲ್ಲಾ ಇಲ್ಲೇ ಉಳಿದಿದೆ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಎದ್ದು ಹೋದರು. ನಾನು ಕೆಟ್ಟವನು ಎಂದು ಅವತ್ತು ಅನ್ನಿಸಿದಷ್ಟು ಜನರಲ್ ಸಾಹೇಬರ ಬೋರ್ಡು ಬರೆದಾಗಲೂ ಅನ್ನಿಸಿರಲಿಲ್ಲ.

ಹದಿನೈದನೇ ದಿನ ಹೊನ್ನಮ್ಮ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ನಿಂತು ಒಂದೇ ಸಲ ಮೂಗೆಳೆದಳು. ಊರಿನ ಬಾಣಂತಿಯರಿಗೆಲ್ಲ ಹರಳೆಣ್ಣೆ ಕುಡಿಸಿದವಳ ಮೂಗಿಗೆ ಮೋಸ ಮಾಡಲಾದೀತೇ?

"ನೀನು ಹುಟ್ಟಿದಾಗ ಅರ್ಧ ಗಂಟೆ ಅಳಲಿಲ್ಲ ಕಣೋ. ಕಾಲು ಹಿಡಿದು ಬೆನ್ನಿಗೆ ನಾಕು ಬಾರಿಸಿದ ಮ್ಯಾಲೆ ಅತ್ತೆ. ತಡ ಮಾಡೋದು ನಿಂಗೆ ಹುಟ್ಟಿದಾಗಿಂದ ಬಂದೈತೆ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಮಂಗಳಂಗೋಸ್ಕರ ಮಾಡ್ತಿದೀಯ ಅಂತ ಗೊತ್ತು. ನಾನೇ ಇಬ್ಬರಿಗೂ ಹೊಕ್ಕುಳ ಕುಯ್ದವಳು. ಆದ್ರೆ ಒಂದು ಮಾತು ಕೇಳು. ಬರೆದಿದ್ರೆ ನನ್ ಕೈಲಿ ಬರ್ತೈತೆ. ಬರೀದೇ ಇದ್ದುದ್ದು ನನ್ ನೆನಪಿನಾಗೆ ಇಲ್ಲ, ಅದನ್ನ ಎಲ್ಲಿಂದ ತರಲಿ?"

"ಇನ್ನು ನಾಕೇ ದಿನ ಹೊನ್ನಮ್ಮತ್ತೆ."

"ನಾಕು ದಿನ ತಗಾ. ಐದನೇದು ಕೇಳಬ್ಯಾಡ."

ಆ ನಾಲ್ಕು ದಿನ ಅಕ್ಕ ಹೊಸ್ತಿಲಿನಿಂದ ಕದಲಲಿಲ್ಲ. ಒಂದು ಚೀಲ, ಇನ್ನೊಂದು ಚೀಲ, ಮತ್ತೊಂದು. ಬೀದಿಯಲ್ಲಿ ಬಿಂದಿಗೆ ಹೊತ್ತ ಹೆಂಗಸರು ಸುಡುವ ಮಣ್ಣಿನಲ್ಲಿ ಕಾಲೆತ್ತಿ ಎತ್ತಿ ಇಡುತ್ತಾ ಹೋಗುತ್ತಿದ್ದರು. ಒಬ್ಬಳಿಗೆ ಎಂಟು ತಿಂಗಳು ತುಂಬಿತ್ತು. ಅವಳು ನಮ್ಮ ಮನೆಯ ನೆರಳಿಗೆ ಬಂದು ಗೋಡೆಗೊರಗಿ ನಿಂತು ಅಕ್ಕನನ್ನು ನೋಡಿ ನಕ್ಕಳು. "ಬಂತೇನಕ್ಕಾ ಕಾಗದ?" ಎಂದಳು. ಬೋರ್ಡು ಯಾಕೆ ಒಣಗುತ್ತಿಲ್ಲವೆಂದು ಊರಿಗೆಲ್ಲ ಗೊತ್ತಿದೆ ಎಂದು ನನಗೆ ತಿಳಿದದ್ದು ಆಗಲೇ. ಎಲ್ಲರಿಗೂ ಗೊತ್ತಿದ್ದೂ ಮೈಲಿ ದೂರದ ಬಾವಿಗೆ ಸುಮ್ಮನೆ ನಡೆಯುತ್ತಿದ್ದರು. ಅಕ್ಕ ಎದ್ದು ಅವಳ ತಲೆಯ ಬಿಂದಿಗೆ ಇಳಿಸಿ ತನ್ನ ಸೊಂಟಕ್ಕೆ ಇಟ್ಟುಕೊಂಡು ಅವಳ ಮನೆಯವರೆಗೂ ಹೋಗಿ ಬಂದಳು.

ಹತ್ತೊಂಬತ್ತನೇ ದಿನ ತಿಮ್ಮಯ್ಯ ಚೀಲವನ್ನು ನಮ್ಮ ಮನೆಯ ಮುಂದೆಯೇ ಸುರಿದ. ಸೇನೆ ಲಾರಿ ಹತ್ತಿದ ವಾರದ ಕಾಗದಗಳು, ಅದೇ ಕೊನೆಯ ಚೀಲ. ಮೂವರೂ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ತೆಗೆದು ನೋಡಿದೆವು. ಅಕ್ಕನ ಹೆಸರಿನ ಕಾಗದ ಇರಲಿಲ್ಲ. ತಿಮ್ಮಯ್ಯ ಖಾಲಿ ಚೀಲವನ್ನು ಒಳಹೊರಗು ಮಾಡಿ ಕೊಡವಿದ. ಒಂದಿಷ್ಟು ಧೂಳು ಬಿತ್ತು.

ಅಕ್ಕ ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಟರ್ಪೆಂಟೈನ್ ಡಬ್ಬವನ್ನೂ ಹಳೆಯ ಬಟ್ಟೆಯನ್ನೂ ತಂದು ನನ್ನ ಕೈಗಿಟ್ಟಳು. "ಹರಳೆಣ್ಣೆ ಸೀಸೆ ಖಾಲಿಯಾದಾಗಲೇ ಗೊತ್ತಾಗಿತ್ತು ನಂಗೆ. ಬೇಕಂತಲೇ ಸುಮ್ನಿದ್ದೆ. ಸಾಕಿನ್ನು, ಒರೆಸಿ ಸರಿಯಾಗಿ ಬರೀ ಹೋಗು" ಎಂದಳು.

"ಅಕ್ಕಾ..."

"ಸಿಟ್ಟು ಇಟ್ಕಂಡೇ ಹೋಗ್ಯಾರೆ. ಇನ್ನೇನು ಕೇಳಾದೈತೆ. ಹೋಗು."

ಬೋರ್ಡನ್ನು ಒರೆಸಿ ಹೊಸದಾಗಿ ಬರೆದೆ. ಬೇಸಿಗೆಯ ಬಿಸಿಲು, ಸಂಜೆಯೊಳಗೆ ಒಣಗಿತು. ಇಮಾಂಸಾಬರು ಮುಟ್ಟಿ ನೋಡಿ, "ಈಗ ಹವಾ ಸರಿ ಆಯ್ತು ಬೇಟಾ" ಎಂದು ಗಂಟೆ ಬಾರಿಸಿದರು. ಊರ ಎಲ್ಲ ನಲ್ಲಿಗಳೂ ಒಮ್ಮೆ ಕೆಮ್ಮಿದವು. ಆಮೇಲೆ ಸಿಹಿನೀರು, ಬಾಣಂತಿಗೆ ಹದ ಮಾಡಿಟ್ಟಂತೆ ಉಗುರುಬೆಚ್ಚಗೆ, ಬಂತು. ಮಕ್ಕಳು ಬೀದಿಯಲ್ಲೇ ನಲ್ಲಿಗೆ ತಲೆಕೊಟ್ಟು ಕುಣಿದವು. ನಮ್ಮ ಮನೆಯಲ್ಲಿ ಅಕ್ಕ ಬಿಂದಿಗೆ ತುಂಬಿಸಿ, ಬಾಗಿಲು ಎಳೆದುಕೊಂಡಳು. ಇನ್ನು ಮಧ್ಯಾಹ್ನ ಹೊಸ್ತಿಲ ಮೇಲೆ ಕೂರುವ ಕೆಲಸವಿರಲಿಲ್ಲ.

ಎರಡು ದಿನ ಟಪಾಲೇ ಬರಲಿಲ್ಲ. ಮೂರನೇ ದಿನ ಇಮಾಂಸಾಬರಿಗೆ ಒಂದು ಕಾಗದ ಬಂತು. ಜಗುಲಿಯ ಮೇಲೆ ಕೂತು ಓದುತ್ತಾ ಹುಡುಗರ ಹಾಗೆ ಅಳುತ್ತಿದ್ದರು. ನಾನು ಗಾಬರಿಯಾಗಿ ಹೋಗಿ ಕೇಳಿದರೆ, "ಅಮ್ಮಾ ಬರೆದಿದಾಳೆ" ಎಂದರು. ಅವರ ತಾಯಿ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಆ ತಾಯಿಗೆ ಓದುಬರಹ ಬರುತ್ತಿರಲಿಲ್ಲ. ಲಕೋಟೆಯ ಮೇಲೆ ಸ್ಟಾಂಪಿಲ್ಲ, ಮುದ್ರೆಯಿಲ್ಲ. ಅದೇ ದಿನ ಕ್ಷೌರದಂಗಡಿಯವನಿಗೆ ಅವನ ತಮ್ಮನಿಂದ ಬಂತು, ಆ ತಮ್ಮ ಮನೆಬಿಟ್ಟು ಹೋಗುವಾಗ ಹೇಳಬೇಕೆಂದು ಹೇಳದೇ ಹೋದ ಮಾತುಗಳು ಅದರಲ್ಲಿದ್ದವು. ಪಟ್ಟಾಭಿ ಮೇಷ್ಟ್ರ ಕೈಗೆ ಬಂದ ಟಪಾಲು ಆ ಬಗೆಯದು. ಯಾರೂ ಯಾವತ್ತೂ ಬರೆಯದ ಕಾಗದಗಳೆಲ್ಲ ಬರತೊಡಗಿದವು.

ನಾನು ಕುಂಚ ಎಸೆದು ಮನೆಗೆ ಓಡಿದೆ. ಈ ಟಪಾಲನ್ನೇ ನಾನು ಹತ್ತೊಂಬತ್ತು ದಿನ ತಡೆದು ನಿಲ್ಲಿಸಿದ್ದೆನಲ್ಲ! ಹೋಗುವಷ್ಟರಲ್ಲಿ ತಿಮ್ಮಯ್ಯ ನಮ್ಮ ಬಾಗಿಲಲ್ಲಿ ನಿಂತಿದ್ದ, ಅಕ್ಕನ ಕೈಯಲ್ಲಿ ಲಕೋಟೆ ಇತ್ತು. ಭಾವನ ಅಕ್ಷರವೇ, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುವಾಗ ಬರೆಯುತ್ತಿದ್ದಂಥ ಓರೆ ಅಕ್ಷರ. ಅಕ್ಕ ಓದಲು ನೋಡಿದಳು, ಆಗಲಿಲ್ಲ. ನನ್ನ ಕೈಗೆ ಕೊಟ್ಟಳು. ನಾನು ಓದಿದೆ.

"ಮಂಗಳಾ, ಹುಣಸೆಮರ ದಾಟುವುದರೊಳಗೆ ಸಿಟ್ಟು ಇಳಿದಿತ್ತು. ಆಗಲೇ ತಿರುಗಿ ಬರೋಣ ಅಂದುಕೊಂಡೆ, ಇಷ್ಟು ಬೇಗ ಸೋತೆನೆಂದು ನೀನೂ ತಿಪ್ಪೇಶಿಯೂ ನಗುತ್ತೀರಿ ಅಂತ ಅಂಗಡಿಗೆ ಹೋದೆ. ಸ್ಕ್ರೂ ಎಲ್ಲ ಸುರಿದು ನಿನ್ನ ಬಟ್ಟಲು ತೊಳೆದು ಗೂಡಿನಲ್ಲಿ ಬೋರಲು ಹಾಕಿದ್ದೇನೆ. ಅದು ಒಣಗುವಷ್ಟರಲ್ಲಿ ಕ್ಷೌರ ಮುಗಿಸಿ ತಂದುಕೊಡುತ್ತೇನೆ."

ಅಷ್ಟೇ ಇತ್ತು. ಅಕ್ಕ ಒಳಗಿನಿಂದ ಬೀಗದ ಕೈ ತಂದಳು. ಹುಣಸೆಮರ ದಾಟಿ ಮೂವರೂ ಹೋದೆವು. ಬೀಗಕ್ಕೆ ತುಕ್ಕು ಹಿಡಿದಿತ್ತು. ನಾನು ಟರ್ಪೆಂಟೈನ್ ಬಿಟ್ಟು ಕುಟ್ಟಿ ತೆಗೆದೆ. ಒಳಗೆ ಜೇಡರ ಬಲೆ, ಹಲ್ಲುದುರಿದ ಹಾರ್ಮೋನಿಯಂಗಳು, ಚಾಪೆಯ ಮೇಲೆ ಸುರಿದ ಸ್ಕ್ರೂಗಳ ಗುಡ್ಡೆ. ಗೂಡಿನಲ್ಲಿ ಒಂದು ಹಳೇ ಪತ್ರಿಕೆಯ ತುಂಡಿನ ಮೇಲೆ ಸಾಸಿವೆಯ ಬಟ್ಟಲು ಬೋರಲಾಗಿತ್ತು. ಮೇಲೆಲ್ಲ ಧೂಳು ಕೂತಿತ್ತು. ಅಕ್ಕ ಎತ್ತಿ ಒಳಗೆ ಬೆರಳಾಡಿಸಿದಳು. ಒಳಗೆ ಥಳಥಳ ಹೊಳೆಯುತ್ತಿತ್ತು, ಒಣಗಿತ್ತು.

"ಒಣಗೈತೆ ನೋಡೋ" ಎಂದಳು, ಅಲ್ಲೇ ಕೂತು ಅತ್ತಳು. ಸೇನೆ ಭಾವನನ್ನು ಒಯ್ದಾಗಲೂ, ಪಟ್ಟಿಯಲ್ಲಿ ಹೆಸರು ಬಂದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ತಿಮ್ಮಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನಾನೂ ಅತ್ತೆ.

ಮೇಷ್ಟ್ರಿಗೂ ಅವರ ಹೆಂಡತಿಯಿಂದ ದಿನಾ ಒಂದು ಕಾಗದ ಬರುತ್ತಿತ್ತೆಂದು ಆಮೇಲೆ ಕೇಳಿದೆ. ಅವರು ಎರಡು ವರ್ಷ ಆ ಖಾತೆಯಲ್ಲಿದ್ದರು. ಆಮೇಲೆ ಎಷ್ಟೋ ಸಲ ಖಾತೆಗಳು ಬದಲಾದವು, ಎಷ್ಟೋ ಸರ್ಕಾರಗಳು ಬಂದುಹೋದವು. ಈಗ ಬೋರ್ಡುಗಳು ಎಲ್ಲಿಂದಲೋ ಅಚ್ಚಾಗಿಯೇ ಬರುತ್ತವೆ, ಒಣಗಬೇಕಾದ್ದೇ ಇಲ್ಲ. ಯಾರು ಮಂತ್ರಿಯಾದರೂ ನೀರು ನೀರಿನ ಹಾಗೇ ಬರುತ್ತದೆ, ದೀಪ ದೀಪದ ಹಾಗೇ ಉರಿಯುತ್ತದೆ. ಒಳ್ಳೆಯದೇ ಇರಬಹುದು. ನನಗೆ ಮಾತ್ರ ನಲ್ಲಿ ತಿರುಗಿಸಿದಾಗಲೆಲ್ಲ ಆ ಉಪ್ಪುನೀರು ನೆನಪಾಗುತ್ತದೆ.

ಅವತ್ತು ಅಂಗಡಿಯಿಂದ ಬಂದ ಮೇಲೆ ಅಕ್ಕ ಮುಖ ತೊಳೆದುಕೊಂಡು, ಏಳನೇ ಬಟ್ಟಲನ್ನು ಡಬ್ಬಿಯಲ್ಲಿ ಅದರ ಜಾಗಕ್ಕೆ ಕೂರಿಸಿದಳು. ಪೊಟ್ಟಣದ ಸಾಸಿವೆಯನ್ನು ಅದಕ್ಕೆ ಸುರಿದಳು. ಬೇಳೆಸಾರು ಮಾಡಿ ಚಟಪಟ ಒಗ್ಗರಣೆ ಕೊಟ್ಟಳು. ತಿಮ್ಮಯ್ಯನನ್ನೂ ಬಿಡಲಿಲ್ಲ, ಕೂರಿಸಿ ಮೂರು ತಟ್ಟೆ ಹಾಕಿದಳು. ಮೊದಲ ತುತ್ತಿಗೇ ಗೊತ್ತಾಯಿತು, ಸಾರಿಗೆ ಉಪ್ಪೇ ಇರಲಿಲ್ಲ. ನಲ್ಲಿಯ ನೀರು ಸಿಹಿಯಾಗಿದ್ದದ್ದು ಅವತ್ತಿನ ಅಳುವಿನಲ್ಲಿ ಅವಳಿಗೆ ಮರೆತೇ ಹೋಗಿತ್ತು.

"ಸಾರು ಹೆಂಗೈತೋ?" ಎಂದಳು.

"ಸರಿಯಾಗೈತಕ್ಕ" ಎಂದೆ. ತಿಮ್ಮಯ್ಯ ಮತ್ತೊಂದು ಸೌಟು ಹಾಕಿಸಿಕೊಂಡ.